ತಾಲೀಮಿನ ಹೊಸ್ತಿಲು

ಬೈಲಹೊಂಗಲದ ನಮ್ಮ ಓಣಿಯ ತಾಲೀಮು ಕೆಡವಿ ಅಂಗಡಿ ಸಾಲು ಎಬ್ಬಿಸಿದ್ದಾರೆ. ಕೆಳಗೆ ಮೊಬೈಲ್ ರಿಪೇರಿ, ಮೇಲೆ ಜಿಮ್. ಅಖಾಡದ ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗಿ ಯಾವುದೋ ಲೇಔಟಿನ ತಗ್ಗಿಗೆ ಸುರಿದರಂತೆ.

ಆ ಮಣ್ಣು ನಮ್ಮೂರದ್ದಲ್ಲ. ನಮ್ಮದು ಎರೆ ಸೀಮೆ. ಎರೆ ಒಣಗಿದರೆ ಹೆಂಟೆ, ನೆನೆದರೆ ಅಂಟು, ಕುಸ್ತಿಗೆ ಬರುವುದಿಲ್ಲ. ಕೆಂಪು ಮಣ್ಣು ಕಿತ್ತೂರಿನ ಕಡೆಯಿಂದ ಚಕ್ಕಡಿಯಲ್ಲಿ ಬರಬೇಕು. ಅದನ್ನು ಸಾಣಿಸಿ, ಮಜ್ಜಿಗೆ, ಅರಿಷಿಣ, ಎಣ್ಣೆ, ಲಿಂಬಿಹುಳಿ, ಕರ್ಪೂರ ಹಾಕಿ, ದಿನಾ ಗುದ್ದಲಿಯಿಂದ ಹೊರಳಿಸಿ ಹದಕ್ಕೆ ತರುತ್ತಿದ್ದರು. ನಸುಕಿನಲ್ಲಿ ಬಾಗಿಲು ತೆಗೆದರೆ ಹುಳಿ ಮಜ್ಜಿಗೆ, ಅರಿಷಿಣ, ನಿನ್ನೆಯ ಬೆವರು ಎಲ್ಲ ಕೂಡಿ ಮೂಗಿಗೆ ಅಡರುವುದು. ಮನೆಗೆ ಹೋಗಿ ಎರಡೆರಡು ಸಲ ಮೈ ತೊಳೆದರೂ ಉಗುರ ಸಂದಿಯಲ್ಲಿ ಅದೇ ವಾಸನೆ.

ನಮ್ಮ ವಸ್ತಾದರು ಕುಳ್ಳ ಆಳು. ಎರಡೂ ಕಿವಿ ಒಣ ಅಂಜೂರದ ಹಾಗೆ ಮುದುಡಿದ್ದವು. ಹೊಸ ಹುಡುಗ ಬಂದರೆ ಹೆಸರು ಕೇಳುವ ಮೊದಲು ಕುತ್ತಿಗೆ ಹಿಡಿದು ಒಮ್ಮೆ ಒತ್ತುವರು. ಅಷ್ಟರಲ್ಲೇ ಅವನ ಯೋಗ್ಯತೆ ತಿಳಿಯುತ್ತಿತ್ತು. ಸವದತ್ತಿ, ರಾಮದುರ್ಗದ ಜಾತ್ರೆಗಳಿಗೆ ನಮ್ಮನ್ನು ಕರೆದೊಯ್ದಾಗ ಜೋಡಿ ಹಚ್ಚುವ ವ್ಯವಹಾರ ನೋಡಬೇಕು. ಮೊದಲು ಸಣ್ಣ ಹುಡುಗರ ಕಾಯಿ ಕುಸ್ತಿ, ಗೆದ್ದವನಿಗೆ ಒಂದು ತೆಂಗಿನಕಾಯಿ. ಆಮೇಲೆ ಐದು, ಹತ್ತು ರೂಪಾಯಿಯವು. ಹಲಗಿ ಜೋರಾದಂತೆ ವಸ್ತಾದರು ನನ್ನ ತೋಳು ಹಿಡಿದು ಪಂಚರ ಮುಂದೆ ನಿಲ್ಲಿಸುವರು.

“ಇಪ್ಪತ್ತೈದು ಕೊಡ್ರಿ ಗೌಡ್ರ.”

“ಹದಿನೈದು ಆತು ವಸ್ತಾದ್ರ.”

“ಹದಿನೈದಕ್ಕ ಇವನ ಬಾದಾಮಿ ಖರ್ಚೂ ಗಿಟ್ಟಂಗಿಲ್ಲ. ನಡಿಯೋ ತಮ್ಮಾ, ಲುಂಗಿ ಸುತಗೊ.”

ನಾನು ಲುಂಗಿಗೆ ಕೈ ಹಾಕುವಷ್ಟರಲ್ಲಿ ಇಪ್ಪತ್ತಕ್ಕೆ ಕುದುರುತ್ತಿತ್ತು.

2024ರ ಮೇ 4ರಂದು ಗೂಗಲ್ ತನ್ನ ಮೊದಲ ಪುಟದಲ್ಲಿ ಹಮೀದಾ ಬಾನು ಚಿತ್ರ ಹಾಕಿತ್ತು. ಮೊಮ್ಮಗಳು ಮೊಬೈಲ್ ಹಿಡಿದು ಬಂದು, “ಅಜ್ಜಾ, ನಿಮ್ಮ ತಾಲೀಮಿನ್ಯಾಗ ಹುಡುಗ್ಯಾರು ಇದ್ರೇನು?” ಎಂದಳು.

ಹಮೀದಾ ಬಾನು ಹೆಸರು ವಸ್ತಾದರ ಬಾಯಲ್ಲೇ ಕೇಳಿದ್ದೆ. ಪೈಲ್ವಾನರ ಮನೆತನದ ಹೆಣ್ಣು, ಅಲೀಗಢದಲ್ಲಿ ಪಳಗಿದವಳು. ನನ್ನನ್ನು ಕೆಡವಿದವನನ್ನೇ ಮದುವೆಯಾಗುತ್ತೇನೆ ಎಂದು 1954ರಲ್ಲಿ ಸವಾಲು ಹಾಕಿದ್ದಳು. ಪಟಿಯಾಲದವನೊಬ್ಬ, ಕಲಕತ್ತೆಯವನೊಬ್ಬ ಸೋತರು. ಬರೋಡೆಯಲ್ಲಿ ಛೋಟಾ ಗಾಮಾ ಹಿಂದೆ ಸರಿದ. ಅವನ ಬದಲು ಬಂದ ಬಾಬಾ ಪೈಲ್ವಾನ 1 ನಿಮಿಷ 34 ಸೆಕೆಂಡಿನಲ್ಲಿ ಚಿತ್. ಆದರೆ ಕುಸ್ತಿಯ ಕಾಶಿ ಎಂದು ನಾವು ಕೈ ಮುಗಿಯುತ್ತಿದ್ದ ಕೊಲ್ಲಾಪುರದಲ್ಲಿ, ಗಂಡಸನ್ನು ಕೆಡವಿದ ತಪ್ಪಿಗೆ ಜನ ಕಲ್ಲು ತೂರಿದರು, ಪೊಲೀಸರು ಬರಬೇಕಾಯಿತು. ಪುಣೆಯಲ್ಲಿ ಕುಸ್ತಿ ಸಂಘದವರ ತಕರಾರಿಗೆ ಪಂದ್ಯವೇ ರದ್ದು. ಆಕೆ ಮೊರಾರ್ಜಿ ದೇಸಾಯಿಯವರಿಗೆ ದೂರು ಕೊಟ್ಟಳು. ಬೆಳಗಾವಿ ಜಿಲ್ಲೆಯೂ ಆಗ ಮುಂಬಯಿ ರಾಜ್ಯದಲ್ಲೇ ಇತ್ತು, ಅವರು ನಮ್ಮ ಮುಖ್ಯಮಂತ್ರಿಯೂ ಹೌದು. ಹೆಣ್ಣೆಂದು ತಡೆದಿಲ್ಲ, ಪಂದ್ಯ ಏರ್ಪಡಿಸುವವರು ಡಮ್ಮಿ ಪೈಲ್ವಾನರನ್ನು ಇಳಿಸುತ್ತಾರೆಂಬ ದೂರಿದೆ ಎಂಬಂಥ ಉತ್ತರ ಬಂತು. ಗಂಡಸರ ಕುಸ್ತಿಯಲ್ಲಿ ಮೊದಲೇ ಗೊತ್ತುಮಾಡಿಕೊಂಡ ಜೋಡಿಗಳು ಇರಲಿಲ್ಲವೇ? ನಾನು ಅಖಾಡದಲ್ಲಿದ್ದವನು, ನನ್ನ ಮುಂದೆ ಆ ಮಾತು ಬೇಡ.

ಮೊಮ್ಮಗಳ ಪ್ರಶ್ನೆಗೆ ಉತ್ತರ: ತಾಲೀಮಿನಲ್ಲಿ ಹುಡುಗಿಯರು ಇರಲಿಲ್ಲ. ತಾಲೀಮಿನಲ್ಲಿ ಮಾರುತಿ ಇದ್ದ; ಬ್ರಹ್ಮಚಾರಿ ದೇವರು, ಹೆಣ್ಣು ಹೊಸ್ತಿಲು ದಾಟುವಂತಿಲ್ಲ. ವಸ್ತಾದರ ಹಿರಿಮಗಳು, ನಮಗೆಲ್ಲ ಅಕ್ಕ, ಬಾದಾಮಿ ಅರೆದು ಥಂಡಾಯಿ ಚರಿಗೆ ಹೊಸ್ತಿಲ ಹೊರಗಿಟ್ಟು ಹೋಗುವವಳು. ಒಂದು ಬೆಳಗ್ಗೆ ನಾನು ಸವದತ್ತಿಯ ಹುಡುಗನೊಬ್ಬನ ಪಟ್ಟಿನಲ್ಲಿ ಸಿಕ್ಕು ಒದ್ದಾಡುತ್ತಿದ್ದೆ. ಕಿಟಕಿಯಾಚೆಯಿಂದ ಕೂಗು ಬಂತು: “ಎಡಗಾಲ ಹಿಂದ ತಗಿಯೋ, ಸೊಂಟಾ ಅವನ ಕೈಗೆ ಕೊಡಬ್ಯಾಡ!” ಕಾಲು ತೆಗೆದೆ, ಬಿಡಿಸಿಕೊಂಡೆ. ವಸ್ತಾದರು ಕಿಟಕಿಯ ಕಡೆ ನೋಡಿದರು, ಏನೂ ಅನ್ನಲಿಲ್ಲ. ಮರುದಿನ ಕಿಟಕಿಗೆ ಗೋಣಿತಟ್ಟು ಬಡಿದಿತ್ತು. ಅಕ್ಕನನ್ನು ರಾಮದುರ್ಗದ ಮಗ್ಗದ ಮನೆಗೆ ಕೊಟ್ಟರು. ಕಿತ್ತೂರು ಚನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡ ಊರು ನಮ್ಮದು. ಅವಳ ಸಮಾಧಿಗೆ ಹಾರ ಹಾಕಿ ಬಂದ ಕೈಗಳೇ ಆ ಗೋಣಿತಟ್ಟಿಗೆ ಮೊಳೆ ಹೊಡೆದವು. ವಸ್ತಾದರ ಮೇಲಿನ ಭಕ್ತಿ ನನಗೆ ಇಂದಿಗೂ ಕಡಿಮೆಯಾಗಿಲ್ಲ. ಆ ಮೊಳೆಯನ್ನೂ ಮರೆತಿಲ್ಲ.

ಆ ಕಾಲ ಚಲೋ ಇತ್ತು ಎಂದು ಕಟ್ಟೆಯ ಮೇಲೆ ಕೂತು ಹೇಳುವವರು, ಬೆಳ್ಳಿ ಕಡಗ ಗೆದ್ದವರು ಕೊನೆಗೆ ಏನಾದರು ಎಂಬುದನ್ನು ಹೇಳುವುದಿಲ್ಲ. ಮೊಣಕಾಲು ಹೋದ ಮೇಲೆ ಅಡತಿ ಅಂಗಡಿಯಲ್ಲಿ ಹಮಾಲಿ, ಇಲ್ಲವೇ ಸಿನಿಮಾ ಟಾಕೀಸಿನ ಗೇಟು. ಹಮೀದಾ ಬಾನು ಕೂಡ ಕಲ್ಯಾಣದಲ್ಲಿ ಹಾಲು ಮಾರಿ, ರಸ್ತೆ ಬದಿಯಲ್ಲಿ ತಿಂಡಿ ಮಾರಿ ದಿನ ದೂಡಿ 1986ರಲ್ಲಿ ತೀರಿಕೊಂಡಳು.

2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಹೆಣ್ಣುಮಕ್ಕಳ ಕುಸ್ತಿ ಸೇರಿತು. 2016ರಲ್ಲಿ ಸಾಕ್ಷಿ ಮಲಿಕ್ ರಿಯೊದಿಂದ ಕಂಚು ತಂದಳು. ಅದೇ ವರ್ಷ ಫೋಗಟ್ ಮನೆಯ ಕತೆ ‘ದಂಗಲ್’ ಸಿನಿಮಾ ಆಗಿ ಬಂದಾಗ ನಮ್ಮ ಕಡೆಯ ಅಪ್ಪಂದಿರೂ ಶಿಳ್ಳೆ ಹೊಡೆದರು. 2023ರಲ್ಲಿ ಅದೇ ಸಾಕ್ಷಿ ಕುಸ್ತಿ ಒಕ್ಕೂಟದ ಮುಖ್ಯಸ್ಥನ ವಿರುದ್ಧ ಬೀದಿಗಿಳಿದು ಹೋರಾಡಿ, ಕೊನೆಗೆ ಬೂಟು ಮೇಜಿನ ಮೇಲಿಟ್ಟು ಕುಸ್ತಿ ಬಿಟ್ಟಳು. ಅಂದು ಕಟ್ಟೆಯ ಮೇಲೆ ಯಾರೂ ಬಾಯಿ ಬಿಡಲಿಲ್ಲ.

ಈಗ ಹಳಿಯಾಳ, ಧಾರವಾಡದ ಹುಡುಗಿಯರು ಮ್ಯಾಟಿನ ಮೇಲೂ ಆಡುತ್ತಾರೆ, ಕಿತ್ತೂರು ಉತ್ಸವಕ್ಕೂ ಬರುತ್ತಾರೆ. ನಮ್ಮ ಗಂಡುಹುಡುಗರು ಜಿಮ್ಮಿನ ಕನ್ನಡಿ ಮುಂದೆ ಪೌಡರಿನ ಡಬ್ಬಿ ಹಿಡಿದು ನಿಂತಿರುವಾಗ, ಜಂಗಿ ಕುಸ್ತಿಯ ಪಟ್ಟುಗಳನ್ನು ಬಾಯಿಪಾಠ ಹೇಳಬಲ್ಲವರು ಈ ಹುಡುಗಿಯರೇ. ಹೋದ ವರ್ಷ ಒಂದು ಹಳ್ಳಿಯ ಜಾತ್ರೆಯಲ್ಲಿ ಇಪ್ಪತ್ತರ ಹುಡುಗಿಯೊಬ್ಬಳು ಕಮಿಟಿಯವರ ಮುಂದೆ ನಿಂತಿದ್ದಳು. ಜೊತೆಗೆ ವಸ್ತಾದರಿಲ್ಲ, ಅಪ್ಪನೂ ಇಲ್ಲ. ಹೆಗಲ ಮೇಲೆ ಬ್ಯಾಗು.

“ಗಂಡಸರ ಮೂರನೇ ಜೋಡಿಗೆ ಎಷ್ಟು ಕೊಡ್ತೀರಿ, ನಮಗೂ ಅಷ್ಟ ಕೊಡ್ರಿ ಅಣ್ಣಾರ.”

ಕಮಿಟಿಯವರು ನಕ್ಕರು. ಅವಳು ನಗಲಿಲ್ಲ. ಕೊನೆಗೆ ಅರ್ಧಕ್ಕೆ ಒಪ್ಪಿ ಇಳಿದಳು, ನಾಲ್ಕು ನಿಮಿಷದೊಳಗೆ ಗೆದ್ದಳು. ಬಸ್ಸಿನ ಖರ್ಚು ಕೇಳಿದ್ದಕ್ಕೆ, ಹೆಂಗಸರಿಗೆ ಬಸ್ ಪುಕ್ಕಟೆ ಅಲ್ಲೇನವಾ, ಎಂದು ಕಳಿಸಿದರು.