ತೋಳ ಬಂದಿತು

‘ತೋಳ ಬಂತು ತೋಳ’ ಎಂಬ ಕೂಗನ್ನು ಸುಳ್ಳಿನ ದೃಷ್ಟಾಂತವಾಗಿಯೇ ಕಲಿತು ಬೆಳೆದವರಿಗೆ, ಆ ಕೂಗು ನಿಜವಾದಾಗ ಹರ್ಷಪಡಬೇಕೋ ಭಯಪಡಬೇಕೋ ಎಂಬುದು ಸುಲಭವಾಗಿ ನಿರ್ಧರಿಸುವ ಸಂಗತಿಯಲ್ಲ. ದೆಹಲಿಯ ಲಕ್ಷ್ಮೀ ನಗರದ ಇಕ್ಕಟ್ಟಾದ ಓಣಿಯೊಂದರಲ್ಲಿ ನೆಲೆಸಿರುವ, ಕೊಪ್ಪಳ ಸೀಮೆಯ ಕುರುಬರ ಮನೆತನದ ನಿವೃತ್ತ ಗುಮಾಸ್ತರೊಬ್ಬರಿಗೆ 2025ರ ಮೇ ತಿಂಗಳಲ್ಲಿ ಈ ಪ್ರಶ್ನೆ ಎದುರಾಯಿತು.

ಯಮುನೆಯ ದಂಡೆಯ ಪಲ್ಲಾ ಬಳಿ ತೋಳವೊಂದು ಕಾಣಿಸಿತೆಂಬ ಸುದ್ದಿ ಛಾಯಾಚಿತ್ರದೊಡನೆ ಆಗ ಪ್ರಕಟವಾಗಿತ್ತು. ದಶಕಗಳ ಬಳಿಕ ದೆಹಲಿಗೆ ತೋಳ ಮರಳಿತೆಂದು ಕೆಲವರು ಹಿಗ್ಗಿದರೆ, ಅದು ನಾಯಿಯೊಡನೆ ಬೆರೆತ ತಳಿಯಿರಬಹುದೆಂದು ಮತ್ತೆ ಕೆಲವರು ಸಂಶಯಿಸಿದರು. ಅದೇ ದಿನಗಳಲ್ಲಿ ಗಂಗಾವತಿ ತಾಲ್ಲೂಕಿನ ಬಂಕಾಪುರದ ತೋಳಧಾಮದಲ್ಲಿ ಹೆಣ್ಣುತೋಳವೊಂದು ಎಂಟು ಮರಿಗಳನ್ನು ಈದ ವಾರ್ತೆಯೂ ಬಂದಿತು. ಸುಮಾರು 332 ಹೆಕ್ಟೇರ್ ವಿಸ್ತಾರದ ಆ ಕುರುಚಲು ಗುಡ್ಡಗಳ ಹೆಸರನ್ನು ಓದಿದೊಡನೆ ಆ ಹಿರಿಯರು ಪತ್ರಿಕೆಯನ್ನು ಮಡಿಸಿಟ್ಟರು. ಬಾಲ್ಯದಲ್ಲಿ ಅಂಥದೇ ಗುಡ್ಡವೊಂದರಲ್ಲಿ, ಚಿಕ್ಕಪ್ಪನ ಮಾತಿನಂತೆ, ಮರಿಗಳಿದ್ದ ಗವಿಯ ಬಾಯಿಗೆ ಅವರೇ ಕಲ್ಲು ಜೋಡಿಸಿದ್ದರು. ಒಳಗಿನ ಕುಂಯ್‌ಗುಟ್ಟುವಿಕೆ ಹೊಗೆಯಲ್ಲಿ ಅಡಗಿದ್ದನ್ನು ಮಕ್ಕಳಿಗೂ ಹೇಳಿರಲಿಲ್ಲ.

ಆ ವರ್ಷದ ಚಳಿಗಾಲದಲ್ಲಿ ಮಗನು ತನ್ನ ಸಣ್ಣ ಲಾರಿಯ ಹಿಂಬದಿಗೆ ಹಾಸಿಗೆ, ಒಲೆ, ನೀರಿನ ಡಬ್ಬಗಳನ್ನು ಅಳವಡಿಸಿ ತಂದೆಯನ್ನು ಕರೆದೊಯ್ದನು. ಗ್ವಾಲಿಯರ್, ಝಾನ್ಸಿ, ನಾಗಪುರ, ಹೈದರಾಬಾದುಗಳ ಮಾರ್ಗ. ದಾರಿಬದಿಯ ಧಾಬಾಗಳ ಅಂಗಳವೇ ರಾತ್ರಿಯ ತಂಗುದಾಣ. ಮಗನಿಗೆ ಹೊಸದಾಗಿದ್ದ ಈ ಚಲಿಸುವ ಮನೆ ತಂದೆಗೆ ಹೊಸದಲ್ಲ. ಕತ್ತೆಯ ಬೆನ್ನಿಗೆ ಸಂಸಾರವನ್ನೇರಿಸಿ, ಮೇವನ್ನರಸಿ ಊರೂರು ಅಲೆದವರ ಸಂತತಿಯವರು ಅವರು.

ಊರಿನಲ್ಲಿ ತಮ್ಮನು ಇನ್ನೂ ಕುರಿ ಸಾಕುತ್ತಿದ್ದನು. ಹಿಂದಿನ ವಾರವಷ್ಟೇ ಎರಡು ಮರಿಗಳನ್ನು ತೋಳ ಒಯ್ದಿತ್ತು. ಅಣ್ಣನ ಯಾತ್ರೆಯ ಉದ್ದೇಶವನ್ನು ತಿಳಿದು ಅವನು, “ಯಣ್ಣಾ, ನೀ ನೋಡಾಕ ಬಂದಿ. ನಾ ಕಾಯಬೇಕಲ್ಲ” ಎಂದನು. ಆ ಮಾತಿನಲ್ಲಿ ಕೋಪವಿರಲಿಲ್ಲ, ಲೆಕ್ಕವಿತ್ತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ತೋಳಕ್ಕೆ ಸ್ಥಾನವಿದೆ. ಆದರೂ 2022ರ ಅಧ್ಯಯನವೊಂದು ಇಡೀ ಭಾರತದಲ್ಲಿ ಸುಮಾರು 3,100 ತೋಳಗಳನ್ನಷ್ಟೇ ಅಂದಾಜಿಸಿತು. ದಟ್ಟಾರಣ್ಯಕ್ಕಿಂತ ಹುಲ್ಲುಗಾವಲು, ಕುರುಚಲು ಭೂಮಿಗಳನ್ನೇ ಅದು ನೆಚ್ಚಿದೆ. ಅವುಗಳನ್ನು ನಾವು ‘ಬಂಜರು’ ಎಂದು ಕರೆದು ಬೇರೆ ಉಪಯೋಗಕ್ಕೆ ಒಪ್ಪಿಸುತ್ತೇವೆ. ಹೀಗೆ ಕಳೆದುಹೋಗುವ ಬಯಲು ತೋಳದ್ದೂ ಹೌದು, ಕುರುಬನದ್ದೂ ಹೌದು ಎಂಬುದನ್ನು ಮರೆಯುವಂತಿಲ್ಲ.

ಅವರಿಗೆ ತೋಳ ಕಾಣಲಿಲ್ಲ. ಮೂರು ರಾತ್ರಿ ಕಂಬಳಿ ಹೊದ್ದು, ಕೈಯಲ್ಲಿ ಬ್ಯಾಟರಿ ಹಿಡಿದು, ತಮ್ಮನೊಡನೆ ಕುರಿದೊಡ್ಡಿಯ ಬಳಿ ಕಾವಲು ಕುಳಿತರು. ಮೂರನೆಯ ರಾತ್ರಿ ದೂರದ ಗುಡ್ಡದಿಂದ ಊಳು ಕೇಳಿಸಿತು. ತಮ್ಮನು ನಾಯಿಗಳನ್ನು ಎಬ್ಬಿಸಿದನು. ಅಣ್ಣನು ಎದ್ದು ಕುರಿಗಳನ್ನು ಎಣಿಸಿದರು. ಒಂದೂ ಕಡಿಮೆಯಾಗಿರಲಿಲ್ಲ. ತೋಳ ಮರಳಲೆಂದು ಹಾರೈಸುವವರು ಅದರ ಕಾವಲಿನ ಭಾರದಲ್ಲಿಯೂ ಪಾಲು ಹೊರಬೇಕೆಂಬ ನ್ಯಾಯವನ್ನು ಅವರು ಹಾಗೆ ಒಪ್ಪಿಕೊಂಡರು. ಗವಿಯ ಸಂಗತಿಯನ್ನು ಮಗನಿಗೆ ಹೇಳಿದ್ದು ಆ ಬೆಳಗಿನ ಜಾವದಲ್ಲಿ.