ಐದು ಸಾವಿರದ ಇಂಜಿನು

ನಮ್ಮ ಮನೆಯ ಚಾವಡಿಯಲ್ಲಿ ಒಂದು ಗಾಜಿನ ಕಪಾಟು ಉಂಟು. ಅದರೊಳಗೆ ಹನ್ನೊಂದು ರೈಲಿನ ಇಂಜಿನುಗಳಿದ್ದವು. ಈಗ ಇರುವುದು ಹತ್ತು. ಹನ್ನೊಂದನೆಯದು ಎಲ್ಲಿಗೆ ಹೋಯಿತು ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯಲು ಕುಳಿತಿದ್ದೇನೆ.

ವಾಳೆಯ ಕೂಟಕ್ಕೆ ನಮ್ಮಲ್ಲಿಗೆ ಬಂದವರೆಲ್ಲ ಆ ಕಪಾಟಿನ ಎದುರು ಒಂದು ಗಳಿಗೆ ನಿಲ್ಲುತ್ತಾರೆ. ಮೊದಲ ಪ್ರಶ್ನೆ, "ಇದೆಂತ ಮಾರಾಯ್ರೆ, ಮೊಮ್ಮಕ್ಕಳಿಗಾ?" ಎರಡನೆಯದು, "ಒಂದಕ್ಕೆ ಎಷ್ಟು ಕೊಟ್ಟದ್ದು?" ನಾನು "ಐದು ಸಾವಿರ" ಎನ್ನುತ್ತೇನೆ. ಎಲ್ಲ ಇಂಜಿನುಗಳಿಗೂ ಒಂದೇ ದರ. ಹೆಂಡತಿಗೆ ಹೇಳಿದ್ದೂ ಅದೇ. ಐದು ಸಾವಿರವೇ ಹೆಚ್ಚಾಯಿತೆಂದು ಅವಳು ಒಂದು ವಾರ ಮಾತು ಬಿಟ್ಟದ್ದುಂಟು. ನಿಜ ಹೇಳಿದ್ದರೆ ಎಷ್ಟು ವಾರವಾಗುತ್ತಿತ್ತೋ!

ಈ ಹುಚ್ಚು ಎಲ್ಲಿಂದ ಬಂತೆಂದು ಕೇಳಿದರೆ ಅಪ್ಪನ ಕಡೆ ಬೊಟ್ಟು ಮಾಡಬೇಕು. ಅವರು ರೈಲ್ವೆಯಲ್ಲಿ ಕೀಮನ್ ಆಗಿದ್ದರು. ಬೆಳಗಾಗುವಾಗ ಸುತ್ತಿಗೆ, ಸ್ಪ್ಯಾನರ್, ಕೆಂಪು ಹಸಿರು ಬಾವುಟ ಹಿಡಿದು ಕುಂಬಳೆ ಸ್ಟೇಷನ್ನಿನಿಂದ ಶಿರಿಯಾ ಸೇತುವೆಯ ತನಕ ಹಳಿಯ ಮೇಲೆ ನಡೆಯುವುದು, ಸಡಿಲಾದ ಕೀಗಳನ್ನು ಬಡಿದು ಕೂರಿಸುವುದು, ಇದೇ ಅವರ ಕೆಲಸ. 1907ರಲ್ಲಿ ಮಂಗಳೂರಿಗೆ ಬಂದು ಮುಟ್ಟಿದ ಹಳಿ ಅದು. ಅಪ್ಪನಿಗೆ ಬುತ್ತಿ ಕೊಂಡುಹೋಗುವ ನೆಪದಲ್ಲಿ ನಾನು ಹಳಿಯ ಬದಿಯಲ್ಲಿ ನಿಲ್ಲುತ್ತಿದ್ದೆ. ಮದರಾಸಿನ ಮೈಲು ಬರುವಾಗ ಮೊದಲು ಕಾಲಡಿಯ ಜಲ್ಲಿ ಸಣ್ಣಗೆ ನಡುಗುತ್ತಿತ್ತು. ಆಮೇಲೆ ತೆಂಗಿನ ತೋಟದ ಮೇಲಿಂದ ಹೊಗೆ. ಕೊನೆಗೆ ಆ ಕಪ್ಪು ದೇಹ ಬಿಸಿಗಾಳಿ ಬೀಸುತ್ತ ಹಾದುಹೋಗುವಾಗ ಅಪ್ಪ ಹಸಿರು ಬಾವುಟ ಹಿಡಿದು ಮಿಲಿಟರಿಯವರಂತೆ ನೆಟ್ಟಗೆ ನಿಲ್ಲುತ್ತಿದ್ದರು. ಮೂವತ್ತು ವರ್ಷ ಅದಕ್ಕೆ ದಾರಿ ಕಾದ ಮನುಷ್ಯ ಒಂದು ದಿನವೂ ಇಂಜಿನಿಗೆ ಹತ್ತಿದವರಲ್ಲ.

ನಾನು ಸೇರಿದ್ದು ಹಡಗಿಗೆ. ಇಂಜಿನ್ ರೂಮಿನಲ್ಲಿ ಫಿಟ್ಟರ್. 1994ರಲ್ಲಿ ನಮ್ಮ ಹಡಗು ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ನಿಂತಿದ್ದಾಗ, ಮಳೆಗೆ ಒದ್ದೆಯಾಗದಿರಲಿ ಎಂದು ಒಂದು ಅಂಗಡಿಯ ಸೂರಿನಡಿ ನಿಂತೆ. ಹಿಂದೆ ತಿರುಗಿ ನೋಡಿದರೆ ಕಿಟಕಿಯ ತುಂಬ ಇಂಜಿನುಗಳು! ಒಂದೊಂದೂ ಒಂದು ಗೇಣಿನಷ್ಟು ಉದ್ದ, ಆದರೆ ರಿವೆಟ್ಟು, ಕೈಹಿಡಿ, ಚಕ್ರದ ಸರಳು ಯಾವುದೂ ಬಿಟ್ಟುಹೋಗಿಲ್ಲ. ನಿಜವಾದದ್ದರ 76ರಲ್ಲಿ ಒಂದು ಪಾಲು ಗಾತ್ರ, ಹಳಿಯ ಅಗಲ ಹದಿನಾರೂವರೆ ಮಿಲಿಮೀಟರ್. ಈ ಲೆಕ್ಕದಲ್ಲಿ ಸಣ್ಣದೊಂದು ಮೋಸವೂ ಇದೆ. ಆ ಹಳಿ 87ರಲ್ಲಿ ಒಂದು ಪಾಲಿನ ಅಳತೆಯದ್ದು. ಬ್ರಿಟನ್ನಿನ ಇಂಜಿನುಗಳು ಯುರೋಪಿನವಕ್ಕಿಂತ ಸಪೂರ. ಅಂದಿನ ಮೋಟಾರು ಅದರ ಹೊಟ್ಟೆಯೊಳಗೆ ಹಿಡಿಯಲಿಲ್ಲವೆಂದು ದೇಹವನ್ನು ದೊಡ್ಡದು ಮಾಡಿದರು, ಹಳಿ ಮಾತ್ರ ಹಾಗೆಯೇ ಉಳಿಯಿತು. ಅಂದಿನಿಂದ ಇಂದಿನವರೆಗೂ ಅದೇ ನಡೆದುಬಂದಿದೆ.

ಅವತ್ತು ಕೊಂಡದ್ದು ಫ್ಲೈಯಿಂಗ್ ಸ್ಕಾಟ್ಸ್‌ಮನ್. 1923ರಲ್ಲಿ ಡಾನ್‌ಕಾಸ್ಟರಿನಲ್ಲಿ ಕಟ್ಟಿದ್ದು, 1934ರಲ್ಲಿ ಗಂಟೆಗೆ ನೂರು ಮೈಲು ಓಡಿ ದಾಖಲೆ ಬರೆದದ್ದು. 1928ರಲ್ಲಿ ಲಂಡನ್ನಿನಿಂದ ಎಡಿನ್‌ಬರೋಗೆ 632 ಕಿಲೋಮೀಟರ್ ಎಲ್ಲಿಯೂ ನಿಲ್ಲದೆ ಓಡಿಸಿದಾಗ, ನಡುದಾರಿಯಲ್ಲಿ ಡ್ರೈವರ್ ಬದಲಾಗಲು ಕಲ್ಲಿದ್ದಲಿನ ಟೆಂಡರಿನ ಬದಿಯಲ್ಲೇ ಒಬ್ಬ ಬಗ್ಗಿ ನುಸುಳುವಷ್ಟು ಓಣಿ ಮಾಡಿದ್ದರು. ಇಂಜಿನ್ ರೂಮಿನಲ್ಲಿ ವಾಚ್ ಬದಲಾಯಿಸುವ ನಮ್ಮಂಥವರಿಗೆ ಆ ಓಣಿಯ ಬೆಲೆ ಗೊತ್ತು. ಅಂಗಡಿಯವನು ಹೇಳಿದ ಕ್ರಯ ನನ್ನ ತಿಂಗಳ ಸಿಗರೇಟಿನ ದುಡ್ಡು. ಸಿಗರೇಟು ಬಿಟ್ಟೆ. ಈ ಒಂದು ವಿಷಯದಲ್ಲಿ ಹೆಂಡತಿ ಇಂಜಿನಿಗೆ ಇಂದಿಗೂ ಕೃತಜ್ಞಳು.

ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. ನನ್ನನ್ನು ಕೆಡಿಸಿದ್ದು "ಲಿಮಿಟೆಡ್ ಎಡಿಷನ್" ಎಂಬ ಎರಡು ಶಬ್ದ. ಇಷ್ಟೇ ಮಾಡುತ್ತೇವೆ, ಆಮೇಲೆ ಮಾಡುವುದಿಲ್ಲ ಎಂದು ಕಂಪನಿ ಹೇಳುತ್ತದೆ. ಪ್ರತಿಯೊಂದಕ್ಕೂ ನಂಬರು, ಅದರ ಜೊತೆಗೆ ಚಿನ್ನದ ಅಂಚಿನ ಸರ್ಟಿಫಿಕೇಟು. ಒಳಗಿನ ಗುಟ್ಟು ತಿಳಿದವರಿಗೆ ನಗು ಬರುತ್ತದೆ. ಅಚ್ಚು ಅದೇ, ಮೋಟಾರು ಅದೇ. ಬಣ್ಣ, ಹೆಸರು, ನಂಬರು ಬದಲಾದರೆ ಹೊಸ ಇಂಜಿನು. ಈ ವರ್ಷದ "ಕೊನೆಯ ಅವಕಾಶ"ದ ತಮ್ಮ ಮುಂದಿನ ವರ್ಷ ಬೇರೆ ಅಂಗಿ ಹಾಕಿ ಬರುತ್ತಾನೆ. ನಾನೂ ಫಿಟ್ಟರ್, ಇದು ನನಗೆ ಗೊತ್ತಿಲ್ಲವೇ? ಗೊತ್ತಿದ್ದೂ ಕೊಳ್ಳುತ್ತೇನೆ. ಪರರ ಕೈಗೆ ಹೋಗಿಬಿಟ್ಟರೆ ಎಂಬ ಹೆದರಿಕೆ.

ಕೊಳ್ಳುವುದೂ ಸುಲಭವಲ್ಲ. ಪ್ರತಿ ವರ್ಷ ಜನವರಿಯ ಸುಮಾರಿಗೆ ಹೊಸ ಪಟ್ಟಿ ಬರುತ್ತದೆ. ಆಗ ಇಂಜಿನು ಇನ್ನೂ ಹುಟ್ಟಿರುವುದಿಲ್ಲ, ಚಿತ್ರ ನೋಡಿಯೇ ಬುಕ್ ಮಾಡಬೇಕು. ಹುಟ್ಟದ ಎಮ್ಮೆಗೆ ಹಗ್ಗ ಕೊಂಡ ಹಾಗೆ. ದೀಪಾವಳಿಗೆ ಬರುತ್ತದೆ ಎಂದದ್ದು ಈಸ್ಟರಿಗೂ ಬಾರದು. ಬರುವ ಹೊತ್ತಿಗೆ ಕ್ರಯ ಏರಿರುತ್ತದೆ. ಕೆಲವೊಮ್ಮೆ ಅಂಗಡಿಗೇ ಕಡಿಮೆ ಮಾಲು ಕಳಿಸುತ್ತಾರೆ, ಆಗ ಮೊದಲು ಬುಕ್ ಮಾಡಿದವನಿಗೂ "ಕ್ಷಮಿಸಿ, ನಿಮ್ಮ ಪಾಲಿಗೆ ಬರಲಿಲ್ಲ" ಎಂಬ ಕಾಗದ. ಅದೇ ವಾರ ಯಾರೋ ಒಬ್ಬ ಅದೇ ಇಂಜಿನನ್ನು ಪೆಟ್ಟಿಗೆ ಸಹ ಬಿಚ್ಚದೆ ಎರಡು ಪಟ್ಟು ಕ್ರಯಕ್ಕೆ ಮಾರಲು ಇಟ್ಟಿರುತ್ತಾನೆ. ರೈಲಿನ ಮೇಲೆ ಪ್ರೀತಿಯಿಲ್ಲದವನು ರೈಲು ಕೊಳ್ಳುವುದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹನ್ನೊಂದನೆಯ ಇಂಜಿನಿನ ಹೆಸರು ಎಂಪೈರ್ ಆಫ್ ಇಂಡಿಯಾ, ನಂಬರು 4490. ಸರ್ ನೈಜಲ್ ಗ್ರೆಸ್ಲಿ ರೂಪಿಸಿದ ಎ4 ವರ್ಗದ್ದು, 1937ರಲ್ಲಿ ಕಟ್ಟಿದ್ದು. ಮೂತಿ ಇಳಿಜಾರು, ಬಣ್ಣ ಕಡುನೀಲಿ, ಚಕ್ರ ಕೆಂಪು. 1938ರ ಜುಲೈ 3ರಂದು ಗಂಟೆಗೆ 126 ಮೈಲು ಓಡಿ ಉಗಿ ಇಂಜಿನುಗಳ ದಾಖಲೆ ಮಾಡಿದ ಮ್ಯಾಲಾರ್ಡ್ ಇದರದೇ ಜಾತಿ. ಈ ವರ್ಗದ 35ರಲ್ಲಿ ಆರು ಉಳಿದಿವೆ. 2013ರಲ್ಲಿ ಆ ಆರನ್ನೂ, ಅಮೆರಿಕ, ಕೆನಡಾಗಳಲ್ಲಿದ್ದ ಎರಡನ್ನು ಸಹ ತರಿಸಿ, ಯಾರ್ಕಿನ ಮ್ಯೂಸಿಯಮ್ಮಿನಲ್ಲಿ ಒಟ್ಟಿಗೆ ನಿಲ್ಲಿಸಿದ್ದರು. ನಮ್ಮ ದೇಶದ ಹೆಸರಿನದ್ದು ಅವುಗಳಲ್ಲಿಲ್ಲ. 1964ರಲ್ಲಿ ಅದನ್ನು ಕೆಲಸದಿಂದ ತೆಗೆದು ಗುಜರಿಗೆ ಹಾಕಿದರು. ಈ ಕತೆ ಹೇಳಿ ನಾನು ಲೊಚಗುಟ್ಟಿದಾಗ ಹೆಂಡತಿ, "ಅವರ ಎಂಪೈರ್ ಹೋಗಿ ಎಷ್ಟು ಕಾಲ ಆಯ್ತು, ನೀವು ದುಡ್ಡು ಕೊಟ್ಟು ಮನೆಗೆ ತರ್ಲಿಕ್ಕೆ ಹೊರಟಿದ್ದೀರಾ?" ಎಂದಳು. ಉತ್ತರ ಹೊಳೆಯಲಿಲ್ಲ.

2020ರ ಜನವರಿಯಲ್ಲಿ ಬುಕ್ ಮಾಡಿಸಿದೆ. ಅಕ್ಕನ ಮಗಳು ಇಂಗ್ಲೆಂಡಿನಲ್ಲಿ ನರ್ಸ್. ರಜೆಯಲ್ಲಿ ಬರುವಾಗ ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಇಟ್ಟು ತರುತ್ತೇನೆ ಎಂದಿದ್ದಳು. ಅಷ್ಟರಲ್ಲಿ ಕೊರೊನಾ. ಅವಳು ಆಸ್ಪತ್ರೆಯಲ್ಲಿ ಮಾಸ್ಕು ಕಟ್ಟಿಕೊಂಡು ಹಗಲು ರಾತ್ರಿ ದುಡಿಯುತ್ತಿದ್ದಾಗ ಇಲ್ಲಿಂದ ಮಾಮ ಫೋನು ಮಾಡಿ "ಇಂಜಿನು ಬಂತಾ ಮಗಾ?" ಎಂದು ಕೇಳುತ್ತಿದ್ದ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವಳು ಒಮ್ಮೆಯೂ ಗದರಿಸಲಿಲ್ಲ.

ಅಂತೂ ಚೀನಾದಲ್ಲಿ ಇಂಜಿನು ತಯಾರಾಯಿತು. (1994ರ ನನ್ನ ಪೆಟ್ಟಿಗೆಯ ಮೇಲೆ ಬ್ರಿಟನ್ನಿನಲ್ಲಿ ತಯಾರಾದದ್ದೆಂದು ಬರೆದಿತ್ತು, ಈಗಿನವುಗಳಲ್ಲಿ ಹೆಚ್ಚಿನವು ಚೀನಾದವು.) ಕಂಟೇನರ್ ಹಡಗೇರಿತು. 2021ರ ಮಾರ್ಚ್ 23ರಂದು ಎವರ್ ಗಿವನ್ ಎಂಬ 400 ಮೀಟರ್ ಉದ್ದದ ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಿಕೊಂಡು ಆರು ದಿನ ದಾರಿ ಮುಚ್ಚಿತಲ್ಲ, ಟಿವಿಯಲ್ಲಿ ನೀವೂ ನೋಡಿರಬಹುದು. ಎಷ್ಟೋ ಸಲ ನಾನೇ ದಾಟಿದ ಕಾಲುವೆ ಅದು. ಲೋಕದವರೆಲ್ಲ ಪೆಟ್ರೋಲು, ಗೋಧಿ ಎಂದು ಚಿಂತಿಸುತ್ತಿದ್ದಾಗ ನಾನು, ಹಿಂದೆ ಕಾಯುತ್ತಿದ್ದ ನೂರಾರು ಹಡಗುಗಳಲ್ಲಿ ನನ್ನ ಇಂಜಿನು ಯಾವುದರಲ್ಲಿರಬಹುದು ಎಂದು ಎಣಿಸುತ್ತಿದ್ದೆ.

ಕೊನೆಗೆ ಇಂಜಿನು ಅಕ್ಕನ ಮಗಳ ಕೈಸೇರಿತು. ಅವಳು ಊರಿಗೆ ಬರುವುದು ಮತ್ತೂ ತಡ. ನನಗೆ ತಡೆಯಲಾಗಲಿಲ್ಲ, ಪಾರ್ಸೆಲ್ ಮಾಡು ಎಂದೆ. ಆಟಿಕೆಗಳ ಮೇಲಿನ ಆಮದು ಸುಂಕ 2020ರ ಬಜೆಟ್ಟಿನಲ್ಲಿ ನೂರಕ್ಕೆ 20ರಿಂದ 60ಕ್ಕೆ ಏರಿದೆಯೆಂದು ಪೇಪರಿನಲ್ಲಿ ಓದಿದ್ದೆ. 2023ರಲ್ಲಿ ಅದು 70 ಆಯಿತು. ಆದರೆ ಎಪ್ಪತ್ತರ ಹತ್ತಿರದ ಮುದುಕನೊಬ್ಬ ಸರ್ಟಿಫಿಕೇಟು ಸಮೇತ ತರಿಸುವುದೂ ಆಟಿಕೆಯೇ ಎಂದು ಹೊಳೆದದ್ದು ಪೋಸ್ಟ್‌ಮನ್ ಬಾಗಿಲಲ್ಲಿ ನಿಂತು, "ಪೊರ್ಬುಗಳೇ, ಒಂದು ಪಾರ್ಸೆಲ್ ಉಂಟು, ಡ್ಯೂಟಿ ಕಟ್ಟಬೇಕಲ್ಲ" ಎಂದು ಚೀಟಿ ಕೊಟ್ಟಾಗ. ಇಂಜಿನಿನ ಕ್ರಯ, ಅಂಚೆ, ಸುಂಕ ಎಲ್ಲ ಕೂಡಿಸಿದರೆ ಐವತ್ತು ಸಾವಿರಕ್ಕೆ ತುಸು ಕಡಿಮೆ. ಅದು ಆ ಬೇಸಿಗೆಯಲ್ಲಿ ಹಿತ್ತಿಲ ಕಡೆಯ ಮಾಡಿನ ಪಕ್ಕಾಸು ರೀಪು ಬದಲಾಯಿಸಲು ತೆಗೆದಿಟ್ಟ ಹಣ. ಹೆಂಡತಿಗೆ "ಬಡಗಿ ಸಿಗ್ಲಿಲ್ಲ" ಎಂದೆ. ಮಳೆಗಾಲವಿಡೀ ಅಡಿಗೆ ಕೋಣೆಯಲ್ಲಿ ಎರಡು ಬಾಲ್ದಿ ಇಟ್ಟು ಅವಳು ದೋಸೆ ಹೊಯ್ದಳು.

ಪೆಟ್ಟಿಗೆ ಬಿಚ್ಚಿದರೆ ಮುಂದಿನ ಎರಡು ಬಫರುಗಳಲ್ಲಿ ಒಂದು ಮುರಿದಿದೆ. ಅಕ್ಕನ ಮಗಳು ಅಂಗಡಿಗೆ ಹೋಗಿ ವಿಚಾರಿಸಿದಳು. "ಲಿಮಿಟೆಡ್ ಎಡಿಷನ್ ಅಲ್ಲವೇ, ಬದಲಿಗೆ ಕೊಡಲು ಇನ್ನೊಂದಿಲ್ಲ. ವಾಪಸ್ ಕಳಿಸಿದರೆ ಹಣ ಕೊಡುತ್ತೇವೆ" ಎಂದರಂತೆ. ಹಣ ಬಂದರೆ ಇಂಜಿನು ಹೋಯಿತು, ಕಟ್ಟಿದ ಸುಂಕವೂ ಹೋಯಿತು. ಸಾಧಾರಣ ಇಂಜಿನಾಗಿದ್ದರೆ ಬದಲಿ ಸಿಗುತ್ತಿತ್ತು. ಅಪರೂಪದ್ದೆಂದು ಹೆಚ್ಚು ಕೊಟ್ಟವನಿಗೆ ಅದೂ ಇಲ್ಲ. ಗೋಂದು ಹಚ್ಚಲು ಮನಸ್ಸು ಬರಲಿಲ್ಲ. ಮುರಿದ ಬದಿ ಗೋಡೆಗೆ ಬರುವಂತೆ ಕಪಾಟಿನಲ್ಲಿಟ್ಟೆ. ಪೆಟ್ಟಿಗೆ ಮತ್ತು ಸರ್ಟಿಫಿಕೇಟು ನನ್ನ ಬೀರುವಿನಲ್ಲಿ.

ಈ ಸಲ ನಮ್ಮ ಮಕ್ಕಳ ಪ್ರಥಮ ಪರಮಪ್ರಸಾದದ ದಿನ ನಾನು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮಂಗಳೂರಿನಲ್ಲಿ ತಂಗಿಯ ಮನೆಯಲ್ಲಿದ್ದೆ. ಮನೆಗೆ ಬಂದು ನೋಡಿದರೆ ಕಪಾಟಿನ ಕೊನೆಯ ಜಾಗ ಖಾಲಿ. ಹೆಂಡತಿ ಬಹಳ ಸಹಜವಾಗಿ ಹೇಳಿದಳು, "ನೆರೆಮನೆಯ ಹುಡುಗನಿಗೆ ಉಡುಗೊರೆ ಕೊಟ್ಟೆ. ಯಾವಾಗ ಬಂದರೂ ಕಪಾಟಿಗೆ ಮೂಗು ಒತ್ತಿ ನಿಲ್ತಾನಲ್ಲ. ಮುರಿದದ್ದನ್ನೇ ಕೊಟ್ಟದ್ದು, ಒಳ್ಳೆದು ಕೊಟ್ರೆ ನಿಮಗೆ ಬೇಜಾರಾಗ್ತದೆ ಅಂತ. ಐದು ಸಾವಿರದ್ದಲ್ವಾ, ತೊಂದ್ರೆ ಇಲ್ಲ."

ನಾನು ಕಣ್ಣಿನ ಪಟ್ಟಿಯ ಮೇಲೆ ಕೈಯಿಟ್ಟು ಕುಳಿತೆ. "ನೋವಾ?" ಎಂದು ಕೇಳಿದಳು. ಹೌದೆಂದೆ.

ನಾಲ್ಕು ದಿನ ಬಿಟ್ಟು, ಹೇಗಾದರೂ ವಾಪಸ್ ತರಬೇಕೆಂದೇ ಆ ಮನೆಗೆ ಹೋದೆ. ಬದಲಿಗೆ ಕೊಡಲೆಂದು ಒಂದು ಹೊಸ ಕ್ರಿಕೆಟ್ ಬ್ಯಾಟು ಬೇರೆ ಕೊಂಡಿದ್ದೆ. ಹುಡುಗ ಜಗಲಿಯ ಕೆಂಪು ನೆಲದ ಮೇಲೆ ಇಂಜಿನಿನ ಕೊಕ್ಕೆಗೆ ಹುರಿ ಕಟ್ಟಿ ಎಳೆಯುತ್ತಿದ್ದ. ಹಿಂದೆ ಸಾಬೂನಿನ ಪೆಟ್ಟಿಗೆಗಳ ನಾಲ್ಕು ಬೋಗಿ. ನನ್ನ ಎದೆಯಲ್ಲಿ ಯಾರೋ ಗರಗಸ ಎಳೆದ ಹಾಗಾಯಿತು.

"ಅಜ್ಜ, ಇದರ ದೊಡ್ಡ ಚಕ್ರ ತಿರುಗುವುದೇ ಇಲ್ಲ" ಎಂದ ಹುಡುಗ.

ಹೌದು, ತಿರುಗುವುದಿಲ್ಲ. ಮೋಟಾರಿನ ತಿರುಪು ಹಲ್ಲು ಚಕ್ರದ ಹಲ್ಲನ್ನು ಹಿಡಿದುಕೊಂಡಿರುತ್ತದೆ, ಹೊರಗಿನಿಂದ ಎಷ್ಟು ದೂಡಿದರೂ ಬಿಡದು. ಒಳಗಿನಿಂದ ಮೋಟಾರು ತಿರುಗಿದರೆ ಮಾತ್ರ ಚಕ್ರ ಹೊರಳುತ್ತದೆ. ಹಳಿ ಬೇಕು, 12 ವೋಲ್ಟಿನ ಕರೆಂಟು ಬೇಕು. ಇದನ್ನೆಲ್ಲ ಹೇಳಿದೆ. "ನೀವು ಓಡಿಸಿದ್ದೀರಾ?" ಎಂದು ಕೇಳಿದ. ನಾಲ್ಕು ವರ್ಷ ಕಪಾಟಿನಲ್ಲಿದ್ದದ್ದು. ಒಂದು ಸುತ್ತೂ ಓಡಿಸಿರಲಿಲ್ಲ. ಓಡಿಸಿದ ಇಂಜಿನಿಗೆ ಬೆಲೆ ಕಡಿಮೆ ಎಂಬುದು ನಮ್ಮವರ ಲೆಕ್ಕ.

ಮನೆಗೆ ಹೋಗಿ ಅಟ್ಟದಲ್ಲಿದ್ದ ಹಳಿಯ ಪೆಟ್ಟಿಗೆ, ಕಂಟ್ರೋಲರು ತಂದೆ. ಇಬ್ಬರೂ ನೆಲದ ಮೇಲೆ ಕುಳಿತು ಸುತ್ತು ಜೋಡಿಸಿದೆವು. ಮೊದಲು ಸ್ವಲ್ಪ ಮುಗ್ಗರಿಸಿತು. ಹೊಸತರಲ್ಲಿ ಅದು ಹಾಗೆಯೇ. ಆಮೇಲೆ ಎಂಪೈರ್ ಆಫ್ ಇಂಡಿಯಾ ಒಂದೇ ಬಫರಿನಲ್ಲಿ ಕಂಬದ ಬದಿಯಿಂದ ಸುತ್ತು ಹೊಡೆಯತೊಡಗಿತು. ಹುಡುಗ ಕೆನ್ನೆಯನ್ನು ನೆಲಕ್ಕೆ ತಾಗಿಸಿ ಮಲಗಿದ್ದ. ನನಗೂ ಹಾಗೆ ನೋಡಬೇಕೆನಿಸಿತು. ಆದರೆ ಆಪರೇಷನ್ನಾದ ಕಣ್ಣು, ತಲೆ ಬಗ್ಗಿಸಬಾರದೆಂದು ಡಾಕ್ಟರು ಹೇಳಿದ್ದರು.

ಹುಡುಗನ ತಾಯಿ ಚಾ ತಂದವರು ಅನುಮಾನದಿಂದ ನಿಂತರು. "ಇದು ತುಂಬ ಕ್ರಯದ್ದಾ ಕಾಣ್ತದೆ. ಎಷ್ಟು ಇದಕ್ಕೆ?"

"ಐದು ಸಾವಿರ" ಎಂದೆ, ಅಭ್ಯಾಸಬಲದಿಂದ.

"ಐದು ಸಾವಿರವಾ! ಮಕ್ಕಳ ಕೈಗೆ ಕೊಡ್ಲಿಕ್ಕೆ ಉಂಟಾ? ಬೇಡ, ನೀವು ಕೊಂಡುಹೋಗಿ" ಎಂದು ಅವರು ಬಗ್ಗಿ ಇಂಜಿನಿಗೆ ಕೈ ಹಾಕಿಯೇಬಿಟ್ಟರು.

"ಹೊಸದಾಗಿದ್ದಾಗ ಐದು ಸಾವಿರ" ಎಂದೆ. "ಮುರಿದದ್ದಕ್ಕೆ ಯಾರು ಕೊಡ್ತಾರೆ? ಈಗ ಐನೂರೂ ಬಾಳದು."

ಬ್ಯಾಟನ್ನೂ ಅಲ್ಲಿಯೇ ಬಿಟ್ಟುಬಂದೆ.

ನನ್ನ ಹೆಂಡತಿ ಈ ಪತ್ರಿಕೆಯನ್ನು ಮೊದಲ ಪುಟದಿಂದ ಜಾಹೀರಾತಿನ ತನಕ ಒಂದಕ್ಷರ ಬಿಡದೆ ಓದುವವಳು. ನೆರೆಮನೆಗೂ ಪತ್ರಿಕೆ ಹೋಗುತ್ತದೆ. ಅವರಲ್ಲಿ ನನ್ನ ವಿನಂತಿ, ದಯವಿಟ್ಟು ಇಂಜಿನನ್ನು ವಾಪಸ್ ತರಬೇಡಿ. ಸರ್ಟಿಫಿಕೇಟು ಬೀರುವಿನ ಮೇಲಿನ ಖಾನೆಯಲ್ಲಿದೆ, ಹುಡುಗ ಬಂದು ತೆಗೆದುಕೊಂಡು ಹೋಗಲಿ. ಮಾಡಿಗೆ ಬಡಗಿ ಬರುವ ಸೋಮವಾರ ಬರುತ್ತಾನೆ, ಮುಂಗಡ ಕೊಟ್ಟಾಗಿದೆ.