ಕಡಲ ನಡುವಿನ ಪರದೇಶಿ ತೋಟ

ಹವೆಯೊಂದು ಹಿತಮಿತವಾಗಿದ್ದರೆ ಎಲ್ಲಿಯ ಗಿಡವನ್ನಾದರೂ ತಂದು ಬೆಳೆಸಬಹುದೆಂಬ ನಂಬಿಕೆ ತೋಟದ ಹುಚ್ಚು ಹತ್ತಿದವರಲ್ಲೆಲ್ಲ ಉಂಟು. ಅದು ಅರ್ಧಸತ್ಯವೆಂಬುದನ್ನು ಮನಗಾಣಿಸುವುದಕ್ಕೆ ಟ್ರೆಸ್ಕೊ ದ್ವೀಪಕ್ಕಿಂತ ಉತ್ತಮವಾದ ಪಾಠಶಾಲೆ ಬೇರೊಂದಿರಲಾರದು. ಇಂಗ್ಲೆಂಡಿನ ನೈಋತ್ಯದ ತುದಿಯಿಂದ ಸುಮಾರು 45 ಕಿಲೋಮೀಟರ್ ದೂರದಲ್ಲಿ, ಅಟ್ಲಾಂಟಿಕ್ ಸಾಗರದಲ್ಲಿ ಚದರಿಬಿದ್ದಿರುವ ಸಿಲಿ ದ್ವೀಪಗಳಲ್ಲಿ ಇದೂ ಒಂದು. ಹೆಚ್ಚುಕಡಮೆ ಇದೇ ಅಕ್ಷಾಂಶದಲ್ಲಿರುವ ಕೆನಡಾದ ವಿನಿಪೆಗ್ ನಗರ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಮಲಗಿರುವಾಗ, ಬೆಚ್ಚನೆಯ ಸಾಗರಪ್ರವಾಹದ ಕೃಪೆಗೆ ಪಾತ್ರವಾದ ಈ ದ್ವೀಪದಲ್ಲಿ ಹಿಮ ಬೀಳುವುದೇ ಅಪೂರ್ವ.

ಆದರೆ 1834ರಲ್ಲಿ ಅಗಸ್ಟಸ್ ಸ್ಮಿತ್ ಎಂಬ ಶ್ರೀಮಂತನು ಈ ದ್ವೀಪಗಳನ್ನು ಗುತ್ತಿಗೆಗೆ ಹಿಡಿದು ಇಲ್ಲಿ ನೆಲೆಸಿದಾಗ, ಇದೇ ಹಿತವಾದ ಹವೆಯಲ್ಲಿ ಹೆಸರಿಸುವಂಥ ಮರವೇ ಇರಲಿಲ್ಲ. ಚಳಿ ಉಳಿಸಿದ್ದನ್ನು ಗಾಳಿ ಸುಡುತ್ತಿತ್ತು. ತೆರೆಗಳ ತುಂತುರನ್ನು ಹೊತ್ತು ತಂದು ಎಳೆಯ ಚಿಗುರಿನ ಮೇಲೆ ಉಪ್ಪು ಚೆಲ್ಲುತ್ತಿತ್ತು. ಆತನು ಹಳೆಯ ಕ್ರೈಸ್ತಮಠದ ಪಾಳುಗೋಡೆಗಳ ಸುತ್ತ ಎತ್ತರದ ಪ್ರಾಕಾರವನ್ನೆಬ್ಬಿಸಿ, ಮುಳ್ಳುಪೊದೆಗಳ ಬೀಜವನ್ನು ಬಿತ್ತಿಸಿ, ಆ ಮರೆಯಲ್ಲಿ ತೋಟವನ್ನಾರಂಭಿಸಿದನು. ಗಟ್ಟಿಗೋಡೆಗೆ ಅಪ್ಪಳಿಸಿದ ಗಾಳಿ ಮೇಲೇರಿ ಆಚೆಬದಿಗೆ ಸುಳಿಯಾಗಿ ಇಳಿಯುತ್ತದೆ. ಮರಗಳ ಸಾಲಾದರೆ ಅದನ್ನು ಜರಡಿ ಹಿಡಿದಂತೆ ಸೋಸಿ, ಬಲ ತಗ್ಗಿಸಿ ಒಳಕ್ಕೆ ಬಿಡುತ್ತದೆ. ಅವನ ತರುವಾಯ ಬಂದ ಸಹೋದರನ ಮಗನು ಕ್ಯಾಲಿಫೋರ್ನಿಯದ ಮಾಂಟೆರೆ ಪೈನ್ ಮತ್ತು ಸೈಪ್ರೆಸ್ ಮರಗಳನ್ನು ಸಾಲುಸಾಲಾಗಿ ನೆಡಿಸಿದ ಮೇಲೆಯೇ ತೋಟಕ್ಕೆ ನಿಜವಾದ ಅಭಯ ದೊರೆತದ್ದು.

ದಕ್ಷಿಣಕ್ಕೆ ಮುಖಮಾಡಿದ ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಈ ತೋಟದ ಒಣಗಿದ ಮೇಲಂತಸ್ತಿನಲ್ಲಿ ದಕ್ಷಿಣ ಆಫ್ರಿಕ, ಆಸ್ಟ್ರೇಲಿಯಗಳ ಗಿಡಗಳೂ, ತಂಪಾದ ಕೆಳಗಿನ ನೆಲದಲ್ಲಿ ನ್ಯೂಜಿಲೆಂಡಿನ ಜರೀಗಿಡಗಳೂ ಬೀಡುಬಿಟ್ಟಿವೆ. ಕೆನರಿ ದ್ವೀಪಗಳ ಎಕಿಯಂ ಮನುಷ್ಯನೆತ್ತರವನ್ನು ಮೀರಿ ಬೆಳೆದು, ಮೈತುಂಬ ನೀಲಿಹೂ ಬಿಟ್ಟು, ಜೇನ್ನೊಣಗಳ ಸಂತರ್ಪಣೆ ನಡೆಸಿ, ಬೀಜ ಚೆಲ್ಲಿ ಸಾಯುತ್ತದೆ. ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೆಟ್ಟಿಲ ಪಕ್ಕದಲ್ಲಿ ರಾಜಠೀವಿಯಿಂದ ಕುಳಿತಿದ್ದ ನಮ್ಮ ಕತ್ತಾಳೆ! ಬಯಲುಸೀಮೆಯಲ್ಲಿ ಹೊಲದ ಬೇಲಿಗೆ ಕಾವಲಾಗಿ, ಹಗ್ಗಕ್ಕೆ ನಾರು ಕೊಟ್ಟು, ದನ ಕಾಯುವ ಹುಡುಗರು ಅದರ ಮುಳ್ಳಿನಿಂದಲೇ ಅದರ ಪಟ್ಟೆಯ ಮೇಲೆ ಹೆಸರು ಗೀಚಿದರೂ ಸಹಿಸಿಕೊಂಡಿರುವ ಆ ಬಡಜೀವಿಯ ಮುಂದೆ ಇಲ್ಲಿ ಪ್ರವಾಸಿಗಳು ಸಾಲುಗಟ್ಟಿ ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಮೆಕ್ಸಿಕೋ ಮೂಲದ ಅದು ನಮ್ಮಲ್ಲಿಯೂ ಪರದೇಶಿಯೇ. ಹಳೆಯ ನೆಂಟನಾದ್ದರಿಂದ ಆದರ ತಪ್ಪಿದೆ, ಅಷ್ಟೆ.

1987ರ ಜನವರಿಯಲ್ಲಿ ಅಪರೂಪದ ಆ ಹಿಮ ಬಿದ್ದೇಬಿಟ್ಟಿತು. ತೋಟದ ಗಿಡಗಳಲ್ಲಿ ಹೆಚ್ಚಿನವು ಕಮರಿಹೋದವು. 1990ರ ಜನವರಿಯ ಚಂಡಮಾರುತವು ಕಾವಲಿನ ಮರಗಳನ್ನೇ ನೆಲಕ್ಕುರುಳಿಸಿತು. ಸತ್ತ ಹೂಗಿಡಕ್ಕೆ ಪ್ರತಿಯಾಗಿ ಮತ್ತೊಂದನ್ನು ತರಿಸಬಹುದು. ನೂರು ವರ್ಷದ ಮರವನ್ನು ಯಾವ ಹಡಗೂ ಹೊತ್ತು ತರಲಾರದು. ತೋಟಗಾರರು ಬಿದ್ದ ಮರಗಳನ್ನು ತೆರವು ಮಾಡಿ ಮತ್ತೆ ಸಸಿಗಳ ಸಾಲು ಹಿಡಿದರು.

ವಿಚಾರಿಸಿ ನೋಡಿದರೆ ಕಾವಲುಗಾರನೂ ಅಲ್ಲಿ ಪರದೇಶಿಯೇ. ತವರಿನಲ್ಲಿ ಕರಾವಳಿಯ ಕೆಲವೇ ತುಣುಕು ನೆಲಕ್ಕೆ ಸೀಮಿತವಾದ ಮಾಂಟೆರೆ ಪೈನ್, ಪರಸ್ಥಳದಲ್ಲಿ ಇತರ ಪರದೇಶಿಗಳಿಗೆ ಆಶ್ರಯದಾತನಾಗಿ ನಿಂತಿತು. ನಮ್ಮ ಕಾರವಾರದ ಕಡಲ ದಂಡೆಯ ಗಾಳಿಮರವೂ ಹತ್ತೊಂಬತ್ತನೆಯ ಶತಮಾನದಲ್ಲಿ ಹೀಗೆಯೇ ಬಂದು, ಮರಳಿನಲ್ಲಿ ಬೇರೂರಿ, ಈಗ ಊರಿನವನೇ ಆಗಿಬಿಟ್ಟಿದೆ. ಆದ್ದರಿಂದ ಕಡಲ ಬದಿಯಲ್ಲಿ ತೋಟ ಮಾಡಹೊರಟ ಮಹನೀಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ನರ್ಸರಿಯಲ್ಲಿ ಕಣ್ಣು ಕುಕ್ಕಿದ ಬಣ್ಣದ ಗಿಡಕ್ಕೆ ಹಣ ತೆರುವ ಮುನ್ನ, ಗಾಳಿ ಬರುವ ದಿಕ್ಕಿಗೆ ಒಂದು ಸಾಲು ಮರ ನೆಡಿರಿ. ಹೂಗಿಡಕ್ಕೆ ಅವಸರವಿಲ್ಲ.